ಕುರ್ಚಿಯ ಮೇಲೆ ಕೂರಲಿಕ್ಕೂ ವೀಸಾ

ಮಾರ್ಚ್ 3, ಶನಿವಾರ

ನಿವೃತ್ತಳಾದ ದಿನ ಶಾಲೆಯವರು ನನಗೆ ಒಂದು ಗೋಡೆ ಗಡಿಯಾರ ಕೊಟ್ಟರು. ನಾನು ಯಾರನ್ನೂ ಕೇಳದೆ ಒಂದು ಖಾಲಿ ಹಾಜರಿ ಪುಸ್ತಕ ಎತ್ತಿಕೊಂಡು ಬಂದೆ. ಗಡಿಯಾರ ನಿಂತು ವರ್ಷವಾಯಿತು. ಪುಸ್ತಕ ಇವತ್ತು ಉಪಯೋಗಕ್ಕೆ ಬಂತು. ಎಂಬತ್ತೊಂದಾದರೂ ಅಮ್ಮನ ಕಿವಿ ಚುರುಕು. ಈ ಎರಡು ಕೋಣೆಯ ಮನೆಯಲ್ಲಿ ಫೋನ್ ಹಿಡಿದು ಯಾರ ಹತ್ತಿರವೂ ಗೊಣಗುವಂತಿಲ್ಲ. ಇಲ್ಲಿ ಗೊಣಗುತ್ತೇನೆ.

ಚೆಕ್ ದೇಶದ ವೀಸಾ ಕೈಗೆ ಬಂತು. ಮೂವತ್ತೆರಡು ವರ್ಷ ಉಲಾನ್‌ಬಾತರಿನ ಮಕ್ಕಳಿಗೆ ಯುರೋಪಿನ ನದಿಗಳನ್ನು ಬಾಯಿಪಾಠ ಮಾಡಿಸಿದವಳು ಐವತ್ತೆಂಟನೇ ವಯಸ್ಸಿನಲ್ಲಿ ಮೊದಲ ಸಲ ವಿಮಾನ ಹತ್ತುತ್ತಿದ್ದೇನೆ, ಅದೂ ಇಂಥ ಕೆಲಸಕ್ಕೆ. ತಮ್ಮ ಅಲ್ಲಿ ಲಿಬೆರೆಟ್ಸ್ ಎಂಬ ಊರಿನ ಆಸ್ಪತ್ರೆಯಲ್ಲಿದ್ದಾನೆ. ಹನ್ನೊಂದು ವರ್ಷದಿಂದ ಕಾರಿನ ಸೀಟು ಹೊಲಿಯುವ ಕಾರ್ಖಾನೆಯಲ್ಲಿದ್ದ. ಪಿತ್ತಜನಕಾಂಗ ಪೂರ್ತಿ ಹೋಗಿದೆ, ಇನ್ನು ಕೆಲವೇ ವಾರ ಎಂದು ಅಲ್ಲಿ ಅವನ ಜೊತೆ ಬಾಡಿಗೆ ಕೋಣೆಯಲ್ಲಿದ್ದ ಪ್ಯೂರೆವ್ ಫೋನ್ ಮಾಡಿ ಹೇಳಿದ. ಅಮ್ಮ ಹೋಗುವ ಹಾಗಿಲ್ಲ, ಮಂಡಿ ಎರಡೂ ಬಿದ್ದುಹೋಗಿವೆ. ಆದ್ದರಿಂದ ನಾನು. ಅಮ್ಮ ಕೇಳಿದಳು ಎಂದು ಹೋಗುತ್ತಿದ್ದೇನೆ, ಅಷ್ಟೇ. ಇದನ್ನು ಬರೆದಿಡುವುದು ಒಳ್ಳೆಯದು.

ಟಿಕೆಟ್ ಮಾಡಿಸಿದ್ದು ಸೋಲೊಂಗೊ. ನನ್ನ ಹಳೆಯ ವಿದ್ಯಾರ್ಥಿನಿ. ಎಂಟನೇ ತರಗತಿಯಲ್ಲಿ ನೈಲ್ ನದಿಯನ್ನು ಬ್ರೆಜಿಲ್‌ನಲ್ಲಿ ಹರಿಸಿದ್ದಳು, ಈಗ ಊರವರಿಗೆಲ್ಲ ವಿಮಾನದ ಟಿಕೆಟ್ ಮಾರುತ್ತಾಳೆ. ಗುರುವಾರ, ಎಂಟನೇ ತಾರೀಕು ಬೆಳಿಗ್ಗೆ ಇಲ್ಲಿಂದ ಕೊರಿಯಾದ ಇಂಚೋನ್. ಅಲ್ಲಿ ಆರು ಗಂಟೆ ಕಾದು ಪ್ರಾಗ್‌ನ ವಿಮಾನ.

ಮಾರ್ಚ್ 5, ಸೋಮವಾರ

ಹೊರಡುವ ದಿನ ಸರಿಯಿದೆಯೋ ಇಲ್ಲವೋ ಲಾಮಾನನ್ನು ಕೇಳಿಕೊಂಡು ಬಾ ಎಂದು ಬೆಳಿಗ್ಗೆಯಿಂದ ಅಮ್ಮನ ಹಟ.

"ಇಷ್ಟು ದೂರ ಹೋಗೋಳು ದಿನ ಕೇಳ್ದೆ ಹೋಗ್ತೀಯಾ? ನಿಮ್ಮಪ್ಪ ಪಕ್ಕದ ಜಿಲ್ಲೆಗೆ ಕುರಿ ತರೋಕ್ಕೆ ಹೋಗೋವಾಗ್ಲೂ ಕೇಳ್ತಿದ್ರು."

"ಅಪ್ಪ ಕುದುರೆ ಮೇಲೆ ಹೋಗ್ತಿದ್ರು. ನಾನು ಹೋಗೋದು ವಿಮಾನದಲ್ಲಿ."

"ಮತ್ತೆ? ಆಕಾಶಕ್ಕೆ ಅಷ್ಟು ಹತ್ರ ಹೋಗೋಳು ಇನ್ನೂ ಮುಂಚೆ ಕೇಳ್ಬೇಕಿತ್ತು."

ಕೋಟು ಹಾಕಿಕೊಂಡೆ. ಹೋದೆ. ಮಠದ ಮುಂದೆ ಚಳಿಯಲ್ಲಿ ಒಂದು ಗಂಟೆ ಸರದಿ. ಲಾಮಾ ಎಂದರೆ ಕನ್ನಡಕ ಹಾಕಿದ ಹುಡುಗ, ನನ್ನ ಕೊನೆಯ ಬ್ಯಾಚಿನವರ ವಯಸ್ಸು. ಪಂಚಾಂಗದ ಪಕ್ಕದಲ್ಲೇ ಮೊಬೈಲು ಚಾರ್ಜಿಗೆ ಇಟ್ಟಿದ್ದ. ನಾನು ಹುಟ್ಟಿದ ವರ್ಷ ಕೇಳಿ, ಬೆರಳು ಎಣಿಸಿ, ಗುರುವಾರ ನಿಮಗೆ ಪಶ್ಚಿಮಕ್ಕೆ ಮನೆ ಬಿಡುವ ದಿನವಲ್ಲ, ಶನಿವಾರ ಬೆಳಿಗ್ಗೆ ತುಂಬ ಚೆನ್ನಾಗಿದೆ ಎಂದ. ಆಮೇಲೂ ಏನೋ ಹೇಳಿದ. ಲಾಮಾಗಳಿಗೆ ಮಾತು ಹೆಚ್ಚು.

ಶನಿವಾರ ಎಂದು ಮನೆಗೆ ಬಂದು ಹೇಳಿದಾಗ ಅಮ್ಮನ ಮುಖ ಸಣ್ಣದಾಯಿತು. "ಎರಡು ದಿನ ತಡ ಆಗತ್ತಲ್ಲ..." ಎಂದಳು.

"ನೀನೇ ತಾನೇ ಕಳಿಸಿದ್ದು?" ಎಂದೆ. ನನ್ನ ಮುಖವನ್ನೇ ನೋಡಿ ಒಳಗೆ ಹೋದಳು.

ಮಾರ್ಚ್ 6, ಮಂಗಳವಾರ

ಸೋಲೊಂಗೊಳ ಅಂಗಡಿಗೆ ಹೋಗಿ ಟಿಕೆಟನ್ನು ಶನಿವಾರಕ್ಕೆ ಬದಲಾಯಿಸಿಕೊಂಡು ಬಂದೆ. ಅವಳಿಗೆ ಒಪ್ಪಿಗೆಯಿರಲಿಲ್ಲ.

"ಟೀಚರ್, ಶನಿವಾರ ಹೋದ್ರೆ ಪ್ರಾಗ್ ವಿಮಾನ ಸೋಮವಾರಾನೇ ಇರೋದು. ಎರಡು ರಾತ್ರಿ ಇಂಚೋನಲ್ಲೇ ಕಾಯ್ಬೇಕಾಗತ್ತೆ."

"ಕಾಯ್ತೀನಿ. ಹಿಮಬಿರುಗಾಳೀಲಿ ನಲವತ್ತು ಮಕ್ಕಳನ್ನ ಹಾಕ್ಕೊಂಡು ಬಸ್ಸಲ್ಲಿ ಮೂರು ದಿನ ಕಾದೋಳು ನಾನು."

"ಅದಲ್ಲ ಟೀಚರ್, ಅಷ್ಟು ಹೊತ್ತು ಅಲ್ಲಿ ಬಿಡ್ತಾರೋ ಇಲ್ವೋ... ತಡೀರಿ, ಒಂದ್ಸಲ ಕೇಳಿ ನೋಡ್ತೀನಿ."

"ಕೇಳೋದೇನಿದೆ? ಒಂದು ಕುರ್ಚಿ ಮೇಲೆ ಕೂತಿರ್ತೀನಿ. ಕುರ್ಚಿ ಸವೆಯುತ್ತಾ? ಮಾಡು ಟಿಕೆಟ್ಟು."

ಕೈಯಲ್ಲಿ ಎತ್ತಿದ್ದ ಫೋನನ್ನು ಮೇಜಿನ ಮೇಲಿಟ್ಟು ಟಿಕೆಟ್ ಮಾಡಿದಳು. ಹುಡುಗಿ ಇನ್ನೂ ನನಗೆ ಹೆದರುತ್ತಾಳೆ. ಸಂತೋಷ.

ಅಮ್ಮ ಬ್ಯಾಗಿಗೆ ಹಾಕಲು ಒಣಮೊಸರಿನ ಬಿಲ್ಲೆಗಳನ್ನು ಕಟ್ಟಿಟ್ಟಿದ್ದಾಳೆ. ಅವನಿಗೆ ನೀರೂ ಇಳಿಯುತ್ತಿಲ್ಲವಂತೆ, ಇದನ್ನು ಎಲ್ಲಿಂದ ಅಗಿಯುತ್ತಾನೆ? ಅಪ್ಪನ ನಶ್ಯದ ಶೀಷೆಯನ್ನೂ ಇಡು ಎಂದಳು. ಅದು ಮಗನಿಗೆ ಸೇರಬೇಕಾದದ್ದು. ನಾಲ್ಕು ವರ್ಷದಿಂದ ನನ್ನ ಬಟ್ಟೆಯ ಕಪಾಟಿನಲ್ಲಿದೆ. ಇಟ್ಟೆ.

ಮಾರ್ಚ್ 8, ಗುರುವಾರ

ಮಹಿಳಾ ದಿನದ ರಜೆ. ಹಳೆಯ ವಿದ್ಯಾರ್ಥಿಗಳು ಒಬ್ಬರಾದ ಮೇಲೊಬ್ಬರು ಫೋನ್ ಮಾಡಿ ಶುಭಾಶಯ ಹೇಳಿದರು. ಮೇಲಿನ ಮನೆಯ ಗಂಡಸು ವರ್ಷಕ್ಕೊಂದು ದಿನ ಮಾಡುವ ಅಡುಗೆಯನ್ನು ಇವತ್ತೂ ಸೀದಿಸಿದ. ವಾಸನೆ ಇಲ್ಲಿಯವರೆಗೂ ಬಂತು.

ಹನ್ನೊಂದರ ಹೊತ್ತಿಗೆ ಕಿಟಕಿಯಲ್ಲಿ ವಿಮಾನ ಕಾಣಿಸಿತು. ನಾನು ಹೋಗಬೇಕಿದ್ದ ವಿಮಾನವೋ ಬೇರೆಯದೋ. ಅಮ್ಮನೂ ನೋಡಿದಳು. ಇಬ್ಬರೂ ಉಪ್ಪು ಚಹಾ ಕುಡಿದೆವು, ಇವತ್ತು ಉಪ್ಪು ಹೆಚ್ಚಾಗಿತ್ತು.

ಕೆಲಸವಿಲ್ಲದೆ ಕೂತರೆ ಬೇಡದ್ದು ನೆನಪಾಗುತ್ತದೆ. ನಾಲ್ಕು ವರ್ಷದ ಹಿಂದೆ ನವೆಂಬರಿನಲ್ಲಿ ಅಪ್ಪ ಹೋದಾಗ ಅವನು ಬರಲಿಲ್ಲ. ಒಬ್ಬನೇ ಗಂಡುಮಗ. ಫೋನಿನಲ್ಲಿ ಹೇಳಿದ್ದು ಇದು: ಅಲ್ಲಿ ವಾಸಿಸುವ ಪರವಾನಗಿಯ ಕಾರ್ಡು ನವೀಕರಣಕ್ಕೆ ಕೊಟ್ಟಿದೆ, ಅದಿಲ್ಲದೆ ನಡುವೆ ವಿಮಾನ ಬದಲಿಸುವುದಕ್ಕೂ ಇನ್ನೊಂದು ದೇಶದ ವೀಸಾ ಕೇಳುತ್ತಾರೆ, ಅದು ಸಿಗುವುದಕ್ಕೆ ಮೂರು ವಾರ. ನಾನು ಹೇಳಿದೆ, "ಕುರ್ಚಿ ಮೇಲೆ ಕೂರೋಕ್ಕೂ ವೀಸಾ ಬೇಕಾ? ಇನ್ನೊಂದು ಕಥೆ ಹೇಳು." ಅವನು ಅಳುತ್ತಿದ್ದ. ಕುಡಿದಿದ್ದಾನೆ ಎಂದುಕೊಂಡೆ. ಆಮೇಲೆ ಅವನ ಫೋನ್ ಬಂದಾಗಲೆಲ್ಲ ಅಮ್ಮನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಸುಳ್ಳು ಹೇಳುವವರಿಗೆ ನನ್ನ ತರಗತಿಯಲ್ಲಿ ಯಾವತ್ತೂ ಜಾಗವಿರಲಿಲ್ಲ.

ಮಾರ್ಚ್ 10, ಶನಿವಾರ

ಮನೆಯಲ್ಲೇ ಇದ್ದೇನೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಅಮ್ಮ ಮಂಡಿನೋವು ಲೆಕ್ಕಿಸದೆ ಮೂರು ಅಂತಸ್ತು ಇಳಿದು ಬಂದಳು. ಟ್ಯಾಕ್ಸಿ ಹೊರಟಾಗ ದಾರಿ ಸುಖವಾಗಲಿ ಎಂದು ಮರದ ಸೌಟಿನಿಂದ ಹಿಂದೆ ಹಾಲು ಚಿಮುಕಿಸಿದಳು. ವಿಮಾನ ನಿಲ್ದಾಣದಲ್ಲಿ ಸರದಿ ಬೇಗ ಬಂತು. ಬ್ಯಾಗು ತೂಗಿದರು. ಉಗುರಿಗೆ ನೀಲಿ ಬಣ್ಣ ಹಚ್ಚಿಕೊಂಡಿದ್ದ ಹುಡುಗಿ ಪಾಸ್‌ಪೋರ್ಟಿನ ಹಾಳೆಗಳನ್ನು ಎರಡು ಸಲ ತಿರುಗಿಸಿದಳು.

"ಅಮ್ಮಾ, ನಿಮ್ಮ ಕೊರಿಯಾ ವೀಸಾ ಎಲ್ಲಿದೆ?"

"ನಾನು ಕೊರಿಯಾಗೆ ಹೋಗ್ತಿಲ್ಲಮ್ಮ. ಅಲ್ಲಿ ವಿಮಾನ ಬದಲಾಯಿಸ್ತೀನಿ ಅಷ್ಟೇ."

"ಇಪ್ಪತ್ನಾಲ್ಕು ಗಂಟೆ ಒಳಗಾದ್ರೆ ಬೇಡ. ನಿಮ್ದು ನಲವತ್ತು ಗಂಟೆ ಇದೆ. ವೀಸಾ ಇಲ್ದೆ ಹತ್ತಿಸೋ ಹಾಗಿಲ್ಲ."

"ನಾನು ಹೊರಗೇ ಕಾಲಿಡಲ್ಲ. ಒಳಗೇ ಒಂದು ಕುರ್ಚಿ ಮೇಲೆ ಕೂತಿರ್ತೀನಿ."

"ಕೂರೋಕ್ಕೂ ಬೇಕಮ್ಮಾ."

ಕೂಗಾಡಿದೆ. ನಿನ್ನ ಹೆಸರೇನು, ಯಾವ ಶಾಲೆಯಲ್ಲಿ ಓದಿದೆ, ನಿಮ್ಮ ಮೇಲಿನವರನ್ನು ಕರೆ ಎಂದೆ. ಮೇಲಿನವನು ಬಂದು ಅದೇ ಮಾತನ್ನು ಇನ್ನೂ ಮೆತ್ತಗೆ ಹೇಳಿದ. ಹಿಂದೆ ಮಾಂಸದ ಡಬ್ಬ ಹೊತ್ತು ನಿಂತವನು "ಅಜ್ಜೀ, ನಮ್ಮ ವಿಮಾನಾನೂ ತಪ್ಪಿಸ್ತೀಯಾ?" ಎಂದ. ಆಗ ನನ್ನ ಬಾಯಿಂದ ಬಂತು, "ನನ್ನ ತಮ್ಮ ಸಾಯ್ತಾ ಇದಾನೆ." ಅಷ್ಟು ದಿನದಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಹುಡುಗಿಯ ಕಣ್ಣು ತುಂಬಿತು. "ನನ್ನ ಕೈಲಿ ಏನೂ ಇಲ್ಲಮ್ಮಾ" ಎಂದು ಬೆಲ್ಟಿನ ಮೇಲಿದ್ದ ಬ್ಯಾಗನ್ನು ತಾನೇ ಎತ್ತಿ ನನ್ನ ಕಾಲ ಹತ್ತಿರ ಇಟ್ಟಳು.

ಮನೆ ಮುಂದೆ ಇಳಿದಾಗ ಅಮ್ಮ ಚಿಮುಕಿಸಿದ ಹಾಲು ರಸ್ತೆಯ ಮೇಲೆ ಬಿಳಿ ಬಿಳಿಯಾಗಿ ಹೆಪ್ಪುಗಟ್ಟಿ ಕೂತಿತ್ತು. ಅದನ್ನು ದಾಟಿಕೊಂಡು ಬಂದೆ. ಅಮ್ಮ ಬಾಗಿಲು ತೆಗೆದು, ಬ್ಯಾಗು ನೋಡಿ, ಚಹಾಕ್ಕೆ ಇಟ್ಟಳು.

ಇದು ನಂಬುವ ಮಾತೇ? ಯಾರಿಗಾದರೂ ಹೇಳಿದರೆ ಕಥೆ ಕಟ್ಟುತ್ತಿದ್ದಾಳೆ ಎನ್ನುತ್ತಾರೆ.

ಮಾರ್ಚ್ 11, ಭಾನುವಾರ

ಬೆಳಿಗ್ಗೆಯಿಂದ ಕಂಡವರಿಗೆಲ್ಲ ಶಾಪ ಹಾಕಿದೆ. ಕೊರಿಯಾದವರಿಗೆ, ವಿಮಾನದವರಿಗೆ, ನೀಲಿ ಉಗುರಿನವಳಿಗೆ, ಸೋಲೊಂಗೊಳಿಗೆ. ಅಮ್ಮ ಹಿಟ್ಟು ನಾದುತ್ತಾ ಕೇಳಿಸಿಕೊಳ್ಳುತ್ತಿದ್ದಳು.

"ನಿಮ್ಮಪ್ಪ ಹೋದಾಗ ನೈದಾನ್ ಇದನ್ನೇ ಹೇಳಿದ್ದ, ಅಲ್ವಾ?" ಎಂದಳು.

ಅಷ್ಟೇ ಹೇಳಿದ್ದು. ದನಿಯಲ್ಲಿ ಕೋಪವೂ ಇರಲಿಲ್ಲ.

ಮಾರ್ಚ್ 12, ಸೋಮವಾರ

ಸೋಲೊಂಗೊ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆಯಿಂದ ಹುಡುಕಿದ್ದಾಳೆ. ಕೊರಿಯಾ ವೀಸಾಕ್ಕೆ ಎರಡು ವಾರ. ಬೇರೆ ದಾರಿಗಳಲ್ಲಿ ಗುರುವಾರಕ್ಕಿಂತ ಮುಂಚೆ ಒಂದೇ ಒಂದು ಸೀಟಿಲ್ಲ. ಕೊನೆಗೆ ಹದಿನೈದನೇ ತಾರೀಕು, ಗುರುವಾರ, ಮೊದಲು ಮಾಡಿಸಿದ್ದ ಅದೇ ವಿಮಾನ, ಇಂಚೋನ್‌ನಲ್ಲಿ ಅದೇ ಆರು ಗಂಟೆ. ಸರಿಯಾಗಿ ಒಂದು ವಾರ ಕಳೆದು ಹೊರಟಲ್ಲಿಗೇ ಬಂದು ನಿಂತಿದ್ದೇನೆ.

ಸಂಜೆ ಪ್ಯೂರೆವ್ ಫೋನ್ ಮಾಡಿದ. "ಅಕ್ಕಾ, ಇವತ್ತು ಸ್ವಲ್ಪ ಎಚ್ಚರ ಇದಾನೆ. ಕಿವಿ ಹತ್ರ ಹಿಡೀತೀನಿ, ಮಾತಾಡಿ." ನಾನು ರೂಢಿಯಂತೆ ಅಮ್ಮನ ಕಡೆ ಚಾಚಿದೆ. ಅಮ್ಮ ಎರಡು ಕೈಯನ್ನೂ ಹಿಟ್ಟಿನಲ್ಲಿ ಅದ್ದಿಕೊಂಡು ತೆಗೆದುಕೊಳ್ಳಲೇ ಇಲ್ಲ.

"ಅಕ್ಕ" ಎಂದ. ದನಿ ಗುರುತೇ ಸಿಗಲಿಲ್ಲ.

"ಊಟ ಆಯ್ತಾ?" ಎಂದೆ. ನಾಲ್ಕು ವರ್ಷದ ಮೇಲೆ ನನಗೆ ಹೊಳೆದ ಮಾತು ಅದು. ನೀರಿಳಿಯದವನನ್ನು ಊಟ ಆಯ್ತಾ ಎಂದು ಕೇಳಿದೆ.

"ಇವತ್ತು ಬರ್ತೀಯಾ ಅಂತ ಪ್ಯೂರೆವ್ ನನ್ನ ಗಡ್ಡ ಬೋಳಿಸಿದ್ದ."

ನಡೆದದ್ದು ಹೇಳಿದೆ. ಇಂಚೋನ್, ನಲವತ್ತು ಗಂಟೆ, ವೀಸಾ ಕೇಳಿದ್ದು, ಬ್ಯಾಗು ವಾಪಸ್ಸು ಕೊಟ್ಟಿದ್ದು. ಆ ಕಡೆಯಿಂದ ಏನೋ ಸದ್ದು ಬಂತು. ಕೆಮ್ಮು ಎಂದುಕೊಂಡೆ. ನಗುತ್ತಿದ್ದ.

"ಕುರ್ಚಿ ಮೇಲೆ ಕೂರೋಕ್ಕೂ ವೀಸಾ ಬೇಕಾ? ಇನ್ನೊಂದು ಕಥೆ ಹೇಳು."

ಒಂದಕ್ಷರ ಬದಲಾಗದ ಹಾಗೆ ಹೇಳಿದ. ನಾಲ್ಕು ವರ್ಷ ಇಟ್ಟುಕೊಂಡಿದ್ದಾನೆ. ಅವನೇ ಮತ್ತೆ ಹೇಳಿದ, ಒಂದೊಂದು ಮಾತಿಗೂ ನಿಂತು ನಿಂತು. "ನಾನು ಹೊಲ್ದಿರೋ ಸೀಟು ಬೇಕಾದಷ್ಟಿದೆ. ಒಂದು ಅಲ್ಲಿಗೆ ಕಳಿಸ್ಲಾ? ನಮ್ಮ ಟೀಚರಮ್ಮ ಕೂರ್ತಾರೆ ಅಂತ."

"ಸುಮ್ನಿರೋ ನೈದಾ" ಎಂದೆ. ಚಿಕ್ಕವನಿದ್ದಾಗ ಕರೆಯುತ್ತಿದ್ದ ಹಾಗೆ ಬಂದುಬಿಟ್ಟಿತು.

"ಅಪ್ಪನ ಶೀಷೆ ತರ್ತೀಯಾ?"

"ಬ್ಯಾಗಲ್ಲೇ ಇದೆ. ಗುರುವಾರ ಹೊರಡ್ತೀನಿ."

"ಗುರುವಾರ ಬಾ" ಎಂದ. ಅಲ್ಲಿಗೆ ಪ್ಯೂರೆವ್ ಫೋನ್ ತೆಗೆದುಕೊಂಡ, ಸುಸ್ತಾಗಿದೆ ಎಂದ.

ತಪ್ಪಾಯಿತು ಎಂದು ಹೇಳಲಿಲ್ಲ. ಅಂಥದ್ದನ್ನು ಫೋನಿನಲ್ಲಿ ಹೇಳುತ್ತಾರೆಯೇ? ಎದುರಿಗೆ ಕೂತು, ಕೈ ಹಿಡಿದುಕೊಂಡು ಹೇಳುತ್ತೇನೆ. ಇನ್ನು ಮೂರೇ ದಿನ.

ಮಾರ್ಚ್ 13, ಮಂಗಳವಾರ

ಹೋದ. ಅಲ್ಲಿ ಬೆಳಗಿನ ಜಾವ, ಇಲ್ಲಿ ಹನ್ನೊಂದು ಗಂಟೆ. ಪ್ಯೂರೆವ್ ಕೈ ಹಿಡಿದುಕೊಂಡಿದ್ದನಂತೆ.

ಮಾರ್ಚ್ 14, ಬುಧವಾರ

ಊರಿನ ಕಲ್ಲಿದ್ದಲ ಹೊಗೆ ದಟ್ಟವಾಗಿದೆ, ಕಿಟಕಿ ತೆರೆಯಲಿಲ್ಲ. ಅಮ್ಮ ಮಲಗಿಯೇ ಇದ್ದಾಳೆ, ಕಣ್ಣು ಮುಚ್ಚಿಲ್ಲ.

ಈ ಪುಸ್ತಕದಲ್ಲಿ ಒಂದು ಸುಳ್ಳು ಬರೆದಿದ್ದೇನೆ. ಲಾಮಾ ಆಮೇಲೂ ಏನೋ ಹೇಳಿದ ಎಂದು ಬರೆದೆನಲ್ಲ, ಅವನು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ಟಿಕೆಟ್ ಬದಲಾಯಿಸೋದು ಕಷ್ಟ ಅಂದ್ರೆ ತೊಂದ್ರೆಯಿಲ್ಲಮ್ಮಾ. ಬುಧವಾರ ಬೆಳಿಗ್ಗೆ ಒಳ್ಳೇ ಗಳಿಗೆ ಇದೆ. ನಿಮ್ಮ ಬ್ಯಾಗನ್ನ ಹೊಸಿಲು ದಾಟಿಸಿ ಪಕ್ಕದ ಮನೇಲಿ ಇಟ್ಟುಬಿಡಿ. ಅಲ್ಲಿಗೆ ನೀವು ಹೊರಟ ಹಾಗೇನೇ. ಗುರುವಾರ ಅಲ್ಲಿಂದ ಎತ್ಕೊಂಡು ಹೋಗಿ."

ಯಾರಿಗೆ ಗೊತ್ತಿಲ್ಲ ಇದು? ಅಪ್ಪ ಎಷ್ಟು ಸಲ ಒಳ್ಳೆಯ ದಿನ ನೋಡಿ ಕುದುರೆಯ ಜೀನನ್ನು ಪಕ್ಕದವರ ಡೇರೆಯಲ್ಲಿ ಇಟ್ಟುಬಂದು, ಎರಡು ದಿನ ಮನೆಯಲ್ಲೇ ಚಹಾ ಕುಡಿದು ಆಮೇಲೆ ಹೊರಟಿಲ್ಲ? ಪಕ್ಕದ ಮನೆ ನಮ್ಮ ಬಾಗಿಲಿನಿಂದ ನಾಲ್ಕು ಹೆಜ್ಜೆ. ಬ್ಯಾಗು ತುಂಬಿ ರೆಡಿಯಾಗಿತ್ತು.

ನಾನು ಅಮ್ಮನಿಗೆ ಹೇಳಲಿಲ್ಲ. ಸೋಲೊಂಗೊಳಿಗೂ ಹೇಳಲಿಲ್ಲ. ಶನಿವಾರ ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ಹಾಯೆನಿಸಿತ್ತು. ಇನ್ನೆರಡು ದಿನ ಅವನ ಮುಖ ನೋಡಬೇಕಿಲ್ಲ ಎನಿಸಿತ್ತು. ಅವನು ಸುಳ್ಳ ಎಂದಲ್ಲ. ಅವನು ಹೇಳಿದ್ದು ನಿಜವಿರಬಹುದು ಎಂದು ನನಗೆ ಯಾವತ್ತೋ ಅನುಮಾನ ಬಂದಿತ್ತು. ವಿಚಾರಿಸಲಿಲ್ಲ. ಒಂದು ಫೋನ್ ಮಾಡಿದ್ದರೆ ಸೋಲೊಂಗೊ ಹೇಳುತ್ತಿದ್ದಳು. ಅವನು ಸುಳ್ಳನಾಗಿ ಇರುವುದೇ ನನಗೆ ಅನುಕೂಲವಾಗಿತ್ತು.

ಗುರುವಾರವೇ ಹೊರಟಿದ್ದರೆ ಶುಕ್ರವಾರ ಬೆಳಿಗ್ಗೆ ಅವನ ಹತ್ತಿರ ಇರುತ್ತಿದ್ದೆ. ನಾಲ್ಕು ದಿನ ಸಿಗುತ್ತಿತ್ತು.

ಮಾರ್ಚ್ 15, ಗುರುವಾರ

ಹೋಗಲಿಲ್ಲ. ಸೋಲೊಂಗೊ ನಿನ್ನೆಯೇ ಮನೆಗೆ ಬಂದು ಹೇಳಿದ್ದಳು. "ಟೀಚರ್, ಅಲ್ಲಿನ ನಮ್ಮೋರೆಲ್ಲ ಸೇರಿ ಅವ್ರನ್ನ ಇಲ್ಲಿಗೇ ಕಳಿಸ್ತಿದಾರೆ. ನೀವು ಆ ಊರು ಮುಟ್ಟೋಷ್ಟರಲ್ಲಿ ಅವ್ರು ಅಲ್ಲಿಂದ ಹೊರಟಿರ್ತಾರೆ." ಇಬ್ಬರೂ ದಾರಿಯಲ್ಲಿ ಎದುರುಬದುರಾಗಿ ಹಾದುಹೋಗುತ್ತಿದ್ದೆವೋ ಏನೋ. ಇಲ್ಲಿ ಬರಮಾಡಿಕೊಳ್ಳುವುದಕ್ಕೆ ಯಾರಾದರೂ ಇರಬೇಕು.

ಬಾಗಿಲ ಹತ್ತಿರ ಬೂಟು ಹಾಕಿಕೊಳ್ಳುತ್ತಾ ಅವಳು ಅತ್ತಳು. "ಅವತ್ತು ನಾನು ಫೋನ್ ಮಾಡಿ ಕೇಳ್ಬೇಕಿತ್ತು ಟೀಚರ್."

"ನೀನು ಕೇಳ್ತೀನಿ ಅಂದೆ. ನಾನು ಬಿಡ್ಲಿಲ್ಲ" ಎಂದೆ. ಅವಳ ಕೋಟಿನ ಗುಂಡಿ ಹಾಕಿಕೊಟ್ಟೆ. ಮೂವತ್ತು ದಾಟಿದ ಹೆಂಗಸು, ಮಗುವಿನ ಹಾಗೆ ನಿಂತು ಹಾಕಿಸಿಕೊಂಡಳು.

ಮಾರ್ಚ್ 18, ಭಾನುವಾರ

ಅಮ್ಮನಿಗೆ ಹೇಳಿಬಿಟ್ಟೆ. ಲಾಮಾ ಹೇಳಿದ್ದು, ನಾನು ಮುಚ್ಚಿಟ್ಟಿದ್ದು, ಎಲ್ಲ. ಹೊಡೆಯಲಿ ಎಂದು ಕಾದೆ.

ಅಮ್ಮ ಎದ್ದು ಕೂತಳು. "ಬ್ಯಾಗು ಪಕ್ಕದ ಮನೇಲಿಡೋ ಪದ್ಧತಿ ನಂಗೆ ಗೊತ್ತಿಲ್ವಾ ದೋಲ್ಗೊರ್?" ಎಂದಳು. "ನಿನ್ನ ಬಾಯಿಂದ ಶನಿವಾರ ಅಂತ ಬಂದಾಗ್ಲೇ ಹೇಳೋಣ ಅಂದ್ಕೊಂಡೆ. ನಿನ್ನ ಮುಖ ನೋಡ್ದೆ. ಹೆದರಿದ್ದೆ ನೀನು. ಎರಡು ದಿನ ತಾನೇ, ಧೈರ್ಯ ತಂದ್ಕೊಳ್ಲಿ ಅಂತ ಸುಮ್ನಾದೆ."

ಆಮೇಲೆ ಇಬ್ಬರೂ ಅತ್ತೆವು. ಅವಳು ನನ್ನನ್ನು ಕ್ಷಮಿಸಿದಳು ಎಂದು ನಾನು ಬರೆಯಲಾರೆ, ನಾನು ಅವಳನ್ನು ಕ್ಷಮಿಸಿದೆ ಎಂದೂ ಬರೆಯಲಾರೆ. ರಾತ್ರಿಯ ಅಡುಗೆಗೆ ಅವಳು ಕುಂಬಳಕಾಯಿ ಹೆಚ್ಚಿದ ಹಾಗೆ ಮಾಂಸವನ್ನು ದಪ್ಪ ದಪ್ಪ ಹೆಚ್ಚಿದಳು, ನೈದಾನ್‌ಗೆ ಹಾಗೇ ಬೇಕಿತ್ತು.

ಮಾರ್ಚ್ 19, ಸೋಮವಾರ

ಬಂದ.

ಜನ ಇಳಿಯುವ ಬಾಗಿಲಲ್ಲ, ನಿಲ್ದಾಣದ ಹಿಂಬದಿಯಲ್ಲಿ ಸರಕು ಇಳಿಸುವ ಕಟ್ಟಡ. ಗಾಳಿ ಕಣ್ಣಿಗೆ ಮರಳು ಎರಚುತ್ತಿತ್ತು. ಸೋಲೊಂಗೊ ಜೊತೆಗೆ ಬಂದಿದ್ದಳು. ಕೌಂಟರಿನಲ್ಲಿದ್ದ ಯುವಕ ಮರ್ಯಾದೆಯವನು, ಎದ್ದು ನಿಂತು ಕುರ್ಚಿ ತೋರಿಸಿದ. ನಾನು ಕೂರಲಿಲ್ಲ. ಕಾಗದಗಳನ್ನು ಒಂದೊಂದಾಗಿ ಮುಂದಿಟ್ಟ. ಹೆಸರು, ವಯಸ್ಸು, ತೂಕ. ತೂಕ ಪೆಟ್ಟಿಗೆಯದೂ ಸೇರಿ. ಹಳೆಯ ಅಭ್ಯಾಸ, ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ಓದಿದೆ. ಪ್ರಾಗ್‌ನಿಂದ ಹೊರಟದ್ದು ಶುಕ್ರವಾರ. ಇಂಚೋನ್ ಮುಟ್ಟಿದ್ದು ಶನಿವಾರ ಮಧ್ಯಾಹ್ನ. ಇಂಚೋನ್ ಬಿಟ್ಟದ್ದು ಸೋಮವಾರ ಬೆಳಿಗ್ಗೆ.

ನನ್ನ ಬೆರಳು ಅಲ್ಲೇ ನಿಂತದ್ದು ನೋಡಿ ಯುವಕ ಹೇಳಿದ. "ಅಲ್ಲಿ ಸ್ವಲ್ಪ ಕಾಯ್ಬೇಕಾಯ್ತಮ್ಮಾ. ನಲವತ್ತು ಗಂಟೆ ಹತ್ರ. ಆದ್ರೆ ತೊಂದ್ರೆ ಏನೂ ಆಗ್ಲಿಲ್ಲ, ಹುಷಾರಾಗಿ ಇಟ್ಟಿದ್ರು."

"ವೀಸಾ?" ಎಂದೆ.

ಸೋಲೊಂಗೊ ನನ್ನ ತೋಳು ಹಿಡಿದುಕೊಂಡಳು. ಯುವಕನಿಗೆ ಅರ್ಥವಾಗಲಿಲ್ಲ. ಕಾಗದ ನೋಡಿದ, ನನ್ನ ಮುಖ ನೋಡಿದ, ಮತ್ತೆ ಕಾಗದ ನೋಡಿದ.

"ಅವ್ರಿಗ್ಯಾಕಮ್ಮಾ ವೀಸಾ?" ಎಂದ.

ನಾನು ಸಹಿ ಹಾಕಿದೆ. ಅಪ್ಪನ ಶೀಷೆ ಕೋಟಿನ ಜೇಬಿನಲ್ಲಿತ್ತು. ಕೊಡಲು ಅವನ ಕೈ ಸಿಗಲಿಲ್ಲ, ವಾಪಸ್ಸು ತಂದಿದ್ದೇನೆ.